ಗಾಡಿಗೆ ಗಾರ್ಡ್ ಹಾಕಿಸಲು ತಾಯಿ ಕೊಟ್ಟ ಅಪ್ಪಣೆ

ದುರ್ಗವ್ವ ತಾಯಿಯನ್ನು ನಂಬಿದವರೇ, ಕಳೆದ ಕಾರ್ತಿಕದ ಒಂದು ಶುಕ್ರವಾರ ಬೆಳಿಗ್ಗೆ ನನ್ನ ಹೆಂಡತಿ ಗಂಗವ್ವ ಹಾನಗಲ್ ರಸ್ತೆಯಲ್ಲಿ ನನ್ನ ಮೋಟಾರ್‌ಸೈಕಲ್ಲಿನ ಕೆಳಗೆ ಬಿದ್ದಿದ್ದಳು. ಅವಳ ಎಡಗಾಲು ನನಗೆ ಕಾಣುತ್ತಿರಲಿಲ್ಲ. ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ.

ನಾನು ಹಿರೇಕೆರೂರು ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿ ನಿವೃತ್ತನಾದವನು. ನಾಲ್ಕೂವರೆಗೆ ಏಳುವುದು, ಆರಕ್ಕೆ ಪೂಜೆ, ಎಂಟಕ್ಕೆ ನಾಷ್ಟಾ. ಇದು ತಪ್ಪಿದ್ದಿಲ್ಲ. ಗಾಡಿಯನ್ನು ನಲವತ್ತರ ಮೇಲೆ ಓಡಿಸಿದ್ದಿಲ್ಲ. ಹೀಗಾಗಿ ಗಾಡಿಗೆ ಕ್ರ್ಯಾಶ್ ಗಾರ್ಡ್ ಹಾಕಿಸೋಣ ಎಂದು ಗಂಗವ್ವ ಅಂದಾಗ, ಇಂಜಿನ್ನಿನ ಮುಂದೆ ಎರಡೂ ಬದಿಗೆ ಚಾಚಿಕೊಳ್ಳುವ ಆ ಕಬ್ಬಿಣ ನನಗೆ ಬೇಡವಾಗಿತ್ತು.

"ಶಿಸ್ತಿಲೆ ಹೊಡಿಯಾವಂಗ ಅದೆಲ್ಲಾ ಯಾಕ? ಬೀಳಾವ್ರು ಹಾಕ್ಕೊಳ್ಳಿ," ಅಂದೆ.

"ನಿಮಗ ಶಿಸ್ತು ಐತಿ, ಖರೆ. ರಸ್ತಾಕ ಐತೇನ್ರಿ?" ಅಂದಳು.

ಮಾತು ಬೆಳೆದು, ಕೊನೆಗೆ ತಾಯಿಯನ್ನೇ ಕೇಳುವುದೆಂದಾಯಿತು. ಹೂ ಕೇಳುವ ರೂಢಿ ನಿಮಗೆ ಗೊತ್ತೇ ಇದೆ. ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಕೂರುವುದು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಬುಧವಾರ ಬೆಳಿಗ್ಗೆ ಏಳು ಗಂಟೆಗೆ ಗುಡಿಯಲ್ಲಿ ಕುಳಿತೆವು. ಏಳೂಮುಕ್ಕಾಲಾದರೂ ಯಾವ ಹೂವೂ ಅಲ್ಲಾಡಲಿಲ್ಲ. ನಾನು ಎದ್ದೆ.

"ಇನ್ನೊಂದೀಟು ಕುಂದರ್ರಿ ಮಾಸ್ತರ್ರ, ಆಕಿ ವಿಚಾರ ಮಾಡಾಕತ್ತಾಳ," ಅಂದರು ಪೂಜಾರಿ.

"ನನ್ನ ನಾಷ್ಟಾದ ಹೊತ್ತಾತು," ಎಂದು ಮನೆಗೆ ಬಂದುಬಿಟ್ಟೆ.

ಗಂಗವ್ವ ಒಂಬತ್ತಕ್ಕೆ ಬಂದು, ಬಲಗಡೆಯ ಹೂ ಬಿತ್ತು ಅಂದಳು. ನಾನು ನಂಬಲಿಲ್ಲ. ಮರುದಿನ ಗುರುವಾರ ಗಾಡಿ ಸರ್ವಿಸಿಂಗಿಗೆ ಹೋದಾಗ ಮೆಕ್ಯಾನಿಕ್ ಮೌಲಾಸಾಬನಿಗೆ ಹೇಳಿ ಆಕೆಯೇ ಗಾರ್ಡ್ ಹಾಕಿಸಿದಳು. ಸಂಜೆ ನೋಡಿ ನಾನು ಸಿಟ್ಟಾದೆ. ನಾಳೆಯೇ ಬಿಚ್ಚು ಎಂದು ಅವನಿಗೆ ಹೇಳಿದೆ.

"ನಾಳೆ ಜುಮ್ಮಾ ಐತ್ರಿ, ಅಂಗಡಿ ಬಂದ್. ಶನಿವಾರ ಬರ್ರಿ, ಬಿಚ್ಚಿ ಕೊಡ್ತೇನಿ," ಅಂದ ಮೌಲಾಸಾಬ. "ಆದ್ರ ಕೇಳ್ರಿ ಮಾಸ್ತರ್ರ. ಲಾರಿಗೆ ಗುದ್ದಿದ್ರ ಇದು ಏನೂ ಮಾಡಂಗಿಲ್ಲ. ಸಾವಕಾಶ ಮಗ್ಗಲಕ್ಕ ಬಿದ್ರ ಮಾತ್ರ ಕಾಲು ಉಳಸ್ತೈತಿ."

ಶುಕ್ರವಾರ ಗಂಗವ್ವನ ತಂಗಿಯ ಮಗಳ ಕುಬಸಕ್ಕೆ, ಎಂದರೆ ಸೀಮಂತಕ್ಕೆ, ಹಾನಗಲ್ಲಿಗೆ ಹೊರಟೆವು. ಒಂದು ಕಡೆ ರಸ್ತೆಯ ಎಡ ಅರ್ಧದ ತುಂಬ ಗೋವಿನಜೋಳ ಒಣಹಾಕಿ, ಅಂಚಿಗೆ ಕಲ್ಲು ಸಾಲಾಗಿ ಇಟ್ಟಿದ್ದರು. ನಾನು ಬಲಕ್ಕೆ ಸರಿದು ಹೋಗುತ್ತಿದ್ದೆ. ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಎಡಕ್ಕೆ ಎಳೆದೆ. ಕಾಳಿನ ಮೇಲೆ ಚಕ್ರ ಜಾರಿತು.

ನಾನು ಆಚೆ ಉರುಳಿದೆ. ಗಂಗವ್ವ ಎಡಕ್ಕೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಗಾಡಿ ಎಡಕ್ಕೇ ಬಿತ್ತು. ಹಿಂದೆ ಬಸ್ಸಿನ ಹಾರ್ನ್ ಕೇಳಿತು. ನನಗೆ ಏಳಲಾಗಲಿಲ್ಲ. ನಲವತ್ತು ವರ್ಷ ದಿನವೂ ಹೇಳಿದ ಸ್ತೋತ್ರದ ಒಂದು ಸಾಲೂ ನೆನಪಾಗಲಿಲ್ಲ. "ಯವ್ವಾ, ಆಕಿ ಕಾಲು," ಅಂದೆ. ನನ್ನ ಪ್ರಾರ್ಥನೆ ಅಷ್ಟೇ.

ಬಸ್ಸು ಕಾಳು ಚಿಮ್ಮಿಸುತ್ತ ಬಂದು ಮೂರು ಮಾರು ದೂರದಲ್ಲಿ ನಿಂತಿತು. ಕಂಡಕ್ಟರ್ ಇಳಿದು ಓಡಿ ಬಂದ. "ಅಮ್ಮಾರನ್ನ ಎಳೀಬ್ಯಾಡ್ರಿ, ಮೊದಲ ಗಾಡಿ ಎತ್ರಿ," ಎಂದು ನಾಲ್ಕು ಜನರನ್ನು ಕೂಗಿದ. ಅದೇ ಬಸ್ಸಿನ ಹಿಂದಿನ ಉದ್ದ ಸೀಟಿನ ಮೇಲೆ ಅವಳನ್ನು ಮಲಗಿಸಿದರು. ಸ್ವಲ್ಪ ದೂರ ಹೋದ ಮೇಲೆ ಕಣ್ಣು ತೆರೆದಳು.

"ರೀ, ಕಾಲು ಐತೇನ್ರಿ? ಗೊತ್ತಾಗವಲ್ದು."

"ಐತಿ," ಅಂದೆ. ಸೀರೆ ಸರಿಸಿ ನೋಡುವ ಧೈರ್ಯ ನನಗಿರಲಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ಒಳಗೆ ಕರೆದೊಯ್ದರು. ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ಎಷ್ಟು ಹೊತ್ತು ಕುಳಿತೆನೋ ತಿಳಿಯದು. ಕಾಲು ತೆಗೆಯಬೇಕು ಎಂದರೆ ಯಾರಿಗೆ ಮೊದಲು ಹೇಳಬೇಕು ಎಂಬಲ್ಲಿಗೆ ನನ್ನ ಮನಸ್ಸು ಹೋಗಿ ಮುಟ್ಟಿತ್ತು. ಡಾಕ್ಟರು ಬಂದು, "ಮೂಳೆ ಮುರಿದಿಲ್ಲ. ಪೆಟ್ಟು ಬಿದ್ದು ಜೋಮು ಹಿಡಿದಿತ್ತು, ಈಗ ಬೆರಳು ಆಡಿಸುತ್ತಿದ್ದಾರೆ. ಗಾಡಿಯ ಭಾರ ಪೂರಾ ಮೇಲೆ ಬಿದ್ದಿಲ್ಲ," ಅಂದಾಗ ಅದನ್ನು ಎರಡು ಸಲ ಹೇಳಿಸಿಕೊಂಡೆ.

ಭಾರ ಯಾಕೆ ಬೀಳಲಿಲ್ಲ ಎನ್ನುವುದು ಗಾಡಿ ತರಲು ಹೋದಾಗ ತಿಳಿಯಿತು. ಅದನ್ನು ಎತ್ತಿದ್ದವರಲ್ಲೊಬ್ಬ ರೈತ ನನ್ನನ್ನು ಕರೆದು ತೋರಿಸಿದ. ಗಾರ್ಡ್ ಅಂಚಿನ ಕಲ್ಲಿಗೆ ಆನಿಕೊಂಡು ಬಾಗಿ, ಗಾಡಿಯನ್ನು ನೆಲದಿಂದ ಒಂದು ಗೇಣು ಮೇಲೆ ಹಿಡಿದಿತ್ತಂತೆ. ಆ ಗೇಣಿನಷ್ಟು ಸಂದಿನಲ್ಲಿ ಅವಳ ಕಾಲು ಇತ್ತು.

ಮುಂದಿನ ಶುಕ್ರವಾರ ತಾಯಿಯ ಮುಂದೆ ಅಡ್ಡಬಿದ್ದೆ. ಆಕೆಗೆ ನಾನು ಮುಕ್ಕಾಲು ಗಂಟೆಯ ಗಡುವು ಕೊಟ್ಟವನು. ಆಕೆ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ಹೂ ನಿಜವಾಗಿ ಬಿದ್ದಿತ್ತೇ ಎಂದು ಪೂಜಾರಿಯನ್ನು ನಾನು ಕೇಳಲಿಲ್ಲ. ಇನ್ನು ಕೇಳುವುದೂ ಇಲ್ಲ.

ಗಾರ್ಡ್ ಹಾಕಿಸಬೇಕೇ ಎಂದು ಕೇಳುವವರಿಗೆ, ಹಾಕಿಸಿರಿ ಎನ್ನುತ್ತೇನೆ. ಅದು ಇದೆಯೆಂದು ಜೋರಾಗಿ ಓಡಿಸಬೇಡಿರಿ, ಹೆಲ್ಮೆಟ್ ಬಿಡಬೇಡಿರಿ. ನನ್ನ ಅಂಜಿಕೆ ಇನ್ನೂ ಹೋಗಿಲ್ಲ. ರಸ್ತೆಯ ಮೇಲೆ ಕಾಳು ಕಂಡರೆ ಈಗ ಇಳಿದು ಗಾಡಿ ತಳ್ಳುತ್ತೇನೆ. ಗಂಗವ್ವ ಸೀರೆ ಎತ್ತಿ ಹಿಡಿದು ಮುಂದೆ ಹೋಗುತ್ತಾಳೆ. "ಲಗೂನ ಬರ್ರಿ, ಹೊತ್ತಾತು," ಎಂದು ಕರೆಯುತ್ತಾಳೆ. ಕಾಳಿನ ಮೇಲೆ ಒಂದೊಂದೇ ಹೆಜ್ಜೆ ಊರಿ ಹೋಗುವ ಆ ಎರಡು ಕಾಲುಗಳಿಗೆ ನಾನು ಹಿಂದಿನಿಂದಲೇ ಮನಸ್ಸಿನಲ್ಲಿ ಕೈ ಮುಗಿಯುತ್ತೇನೆ.