ಬಚ್ಚಲ ಬೀರುವಿನ ಕರಿ ಬೂಷ್ಟು

ಇಪೋ ಪಟ್ಟಣದ ಆ ಹದಿನಾಲ್ಕು ಮಹಡಿಯ ಕಟ್ಟಡದಲ್ಲಿ ನಲ್ಲಿ ರಿಪೇರಿಯ ಜಮ್ರಿಯ ಮರ್ಯಾದೆ ಕೀಲಿಕೈಗಳ ಲೆಕ್ಕದಲ್ಲಿದೆ. ಉಪವಾಸದ ತಿಂಗಳು ಮುಗಿದು ಬರುವ ಹರಿ ರಾಯ ಹಬ್ಬಕ್ಕೆ ಊರಿಗೆ ಹೊರಡುವವರು, ತಾವಿಲ್ಲದಾಗ ಪೈಪು ಸೋರಿದರೆ ನೋಡಿಕೊಳ್ಳಲೆಂದು ಮನೆಯ ಕೀಲಿಯನ್ನು ಅವನ ಕೈಗೆ ಕೊಟ್ಟು ಹೋಗುತ್ತಾರೆ. ಹೋದ ವರ್ಷ ಮೂವತ್ತೊಂದು ಮನೆ.

ಈ ಸಲ ಹಬ್ಬಕ್ಕೆ ಎಂಟು ದಿನವಿರುವಾಗ ಏಳನೇ ಮಹಡಿಯ ಕಾಕ್ ಸಲ್ಬಿಯಾ ಮೆಟ್ಟಿಲಲ್ಲೇ ಅವನನ್ನು ತಡೆದರು. ಕಾಕ್ ಎಂದರೆ ಅಕ್ಕ; ಇಡೀ ಕಟ್ಟಡಕ್ಕೆ ಅಕ್ಕ ಆಕೆ. ಆಕೆಯ ಮಾತು ಲಿಫ್ಟಿಗಿಂತ ಮೊದಲು ಮೇಲಿನ ಮಹಡಿ ಮುಟ್ಟುತ್ತದೆ.

"ಏ ಜಮ್ರಿ, ನೀ ಬಚ್ಚಲಲ್ಲಿ ಕೂರಿಸಿದ ಸಿಂಕು ಸೋರ್ತಿದೆ ಕಣೋ! ಕೆಳಗಿನ ಬೀರು ಪೂರಾ ಬೂಷ್ಟು. ಉಪವಾಸದ ತಿಂಗಳು ಅಂತ ಇಷ್ಟಕ್ಕೇ ಬಿಟ್ಟಿದೀನಿ. ಈ ಸಲ ನಿಂಗ್ಯಾರು ಕೀಲಿ ಕೊಡ್ತಾರೋ ನೋಡ್ತೀನಿ!"

"ನೋಡೋಣ ನಡೀರಿ ಕಾಕ್. ಬೈಗುಳ ಎಲ್ಲೂ ಓಡಿಹೋಗಲ್ಲ."

ಜಮ್ರಿ ಬೀರು ಖಾಲಿ ಮಾಡಿದ. ಸಿಂಕಿನ ಕೆಳಗೆ ಕಣ್ಣಿಗೆ ಬಿದ್ದ ನಾಲ್ಕು ಪೈಪು ಜೋಡಣೆಗಳಿಗೂ ಒಣ ಕಾಗದ ಸುತ್ತಿ ನಲ್ಲಿ ಬಿಟ್ಟ. ಹತ್ತು ನಿಮಿಷವಾದರೂ ಕಾಗದ ಒದ್ದೆಯಾಗಲಿಲ್ಲ.

"ನಿನ್ನ ಕಾಗದ, ನಿನ್ನ ಕಡೇನೇ ಸಾಕ್ಷಿ ಹೇಳುತ್ತೆ," ಅಂದರು ಸಲ್ಬಿಯಾ.

ಬೂಷ್ಟು ಹಲಗೆಯ ಬುಡದಿಂದ ಮೇಲೇರಿತ್ತು. ನೆಲಕ್ಕೆ ತಾಗಿದ ಅಂಚು ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಉಬ್ಬಿತ್ತು.

"ದಿನಾ ಹೇಗೆ ಬಚ್ಚಲು ತೊಳೀತೀರೋ ಹಾಗೇ ತೊಳೀರಿ."

ಸಲ್ಬಿಯಾ ರಬ್ಬರ್ ಪೈಪು ಹಿಡಿದು ಗೋಡೆ, ನೆಲ, ಬೀರುವಿನ ಬಾಗಿಲು ಎಲ್ಲಕ್ಕೂ ನೀರು ಹೊಡೆದರು. "ಹಬ್ಬ ಹತ್ರ ಬಂತಲ್ಲ, ದಿನಕ್ಕೆ ಮೂರು ಸಲ," ಎಂದು ಹೆಮ್ಮೆಯಿಂದ ಹೇಳಿದರು. ನೀರು ಬೀರುವಿನಡಿ ನುಗ್ಗಿ ಅಲ್ಲೇ ನಿಂತಿತು.

"ಗೊತ್ತಾಯ್ತಾ ಕಾಕ್, ಬೂಷ್ಟಿಗೆ ನೀರು ಎಲ್ಲಿಂದ ಬರ್ತಿದೆ ಅಂತ?"

"ಅಂದ್ರೆ ನಾನಾ?"

ಜಮ್ರಿ ನಗುತ್ತಲೇ ಟಾರ್ಚ್ ಹಿಡಿದು ಬೀರುವಿನೊಳಗೆ ತಲೆ ತೂರಿಸಿದ. ನಗು ಅಲ್ಲೇ ನಿಂತಿತು. ಗೋಡೆಗೆ ಅಂಟಿದ ಐದನೇ ಜೋಡಣೆಗೆ ಅವನು ಕಾಗದ ಸುತ್ತಿರಲಿಲ್ಲ. ಅಲ್ಲಿ ಒಂದು ಹನಿ ತೂಗುತ್ತಿತ್ತು. ಸಲ್ಬಿಯಾಗೆ ಅದು ಕಾಣುವಂತಿರಲಿಲ್ಲ. ಬೆರಳಲ್ಲಿ ಒರೆಸಿ, ಸದ್ದಿಲ್ಲದೆ ಬಿಗಿ ಮಾಡಿದ್ದರೆ ಮುಗಿಯುತ್ತಿತ್ತು.

"ಕಾಕ್, ಇಲ್ಲೊಂದು ಹನಿ ಇದೆ. ಇದು ನಂದೇ ತಪ್ಪು."

ವಾಷರ್ ಬದಲಾಯಿತು. ಕೊಳೆತ ಬುಡವನ್ನು ಕೊಯ್ದು, ಉಳಿದ ಹಲಗೆಯನ್ನು ವಿನೆಗರಿನಲ್ಲಿ ಒರೆಸಿ ಎರಡು ದಿನ ಬಿಸಿಲಿಗಿಟ್ಟ. ಆಮೇಲೆ ಹೊಸ ತಳ ಕೂರಿಸಿ, ಬೀರುವನ್ನು ನೆಲದಿಂದ ಒಂದು ಗೇಣು ಮೇಲೆ ಗೋಡೆಗೆ ಜಡಿದ. ತೊಳೆದ ಮೇಲೆ ಬಾಗಿಲು ತೆರೆದಿಡಬೇಕೆಂದು ತಾಕೀತು ಮಾಡಿದ.

ಕೆಲಸ ಮುಗಿದ ದಿನ ಸಂಜೆ ಒಂಬತ್ತನೇ ಮಹಡಿಯಾಕೆ ಮೆಟ್ಟಿಲಲ್ಲಿ ಕೇಳಿದಳು: "ಜಮ್ರಿಗೆ ಕೀಲಿ ಕೊಡಬಹುದಾ ಕಾಕ್?"

"ಕೊಡೇ. ತನ್ನ ತಪ್ಪು ತಾನೇ ಹೇಳ್ತಾನೆ. ಆದ್ರೆ ನಿನ್ನ ತಪ್ಪನ್ನ ಮೊದಲು ಹೇಳ್ತಾನೆ, ಬಾಯಿ ಜೋರು!"