ಎಡಗಣ್ಣಿನ ಕೆಳಗಿನ ಸುಳಿ

ಓದುವ ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ಕ್ಲಾಸು ಪಾಸಾಗುವಾಗ ನನಗೆ ಇಪ್ಪತ್ತೊಂಬತ್ತು ವರ್ಷ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನು ಮಗಳು ಈಚೆಗೆ ಹೇಳಿಕೊಟ್ಟಿದ್ದಾಳೆ. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಚಹಾ ಆರಿಹೋಗುತ್ತದೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಇದರಲ್ಲಿ ರಕ್ತ, ಹೊಡೆದಾಟ ಜಾಸ್ತಿ ಇದೆ. ಅದನ್ನು ಕಡಿಮೆ ಮಾಡಿ ಬರೆಯಲು ನೋಡಿದೆ, ಆಗಲಿಲ್ಲ.

ಹೈದರಾಬಾದಿನ ತಾರ್ನಾಕದ ಹತ್ತಿರ ಕುದುರೆಗಳ ರೋಗದ ಬಗ್ಗೆ ಸಂಶೋಧನೆ ಮಾಡುವ ಒಂದು ಪ್ರಯೋಗಾಲಯದಲ್ಲಿ ನಾನು ಅಟೆಂಡರ್ ಆಗಿದ್ದೆ. ಡಾಕ್ಟರ್ ಮೇಡಮ್ ರಕ್ತ ತೆಗೆಯುವಾಗ ಕುದುರೆ ಅಲ್ಲಾಡದಂತೆ ಹಿಡಿಯುವುದು ನನ್ನ ಕೆಲಸ. ಅದಕ್ಕೆ ನನ್ನ ಹತ್ತಿರ ಒಂದು ಕೋಲು ಇತ್ತು. ಅದರ ತುದಿಯಲ್ಲಿ ಹಗ್ಗದ ಕುಣಿಕೆ. ಕುದುರೆಯ ಮೇಲ್ದುಟಿಯನ್ನು ಕುಣಿಕೆಯೊಳಗೆ ಎಳೆದುಕೊಂಡು ಕೋಲು ತಿರುಚುತ್ತಾ ಹೋದರೆ ತುಟಿ ಮುದ್ದೆಯಾಗಿ ಬೆಳ್ಳಗಾಗುತ್ತದೆ. ಆ ನೋವಿಗೆ ಎಂಥ ಕುದುರೆಯೂ ನಿಂತಲ್ಲೇ ನಿಲ್ಲುತ್ತದೆ. ನಿಲ್ಲದಿದ್ದರೆ ಒದೆಯುತ್ತದೆ. ನನ್ನ ಎಡಗೈಯ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಆ ವರ್ಷ ಕುದುರೆಗಳಲ್ಲಿ ಗ್ಲ್ಯಾಂಡರ್ಸ್ ಎಂಬ ರೋಗ ಕಾಣಿಸಿಕೊಂಡಿತ್ತು. ಮೂಗಿನಿಂದ ಹಳದಿ ಸಿಂಬಳ ಸುರಿಯುತ್ತದೆ, ಕಾಲಿನುದ್ದಕ್ಕೂ ಗಂಟು ಎದ್ದು ಒಡೆಯುತ್ತವೆ. ಒಂದೇ ಗೋದಲಿಯಲ್ಲಿ ಮೇಯುವ ಕುದುರೆಗಳಿಗೆ ಬೇಗ ಹರಡುತ್ತದೆ, ಮನುಷ್ಯನಿಗೂ ಹತ್ತುತ್ತದೆ. ಅದಕ್ಕೆ ಔಷಧಿ ಕೊಡುವಂತಿಲ್ಲ. ಎರಡು ಸಲ ಪರೀಕ್ಷೆ ಮಾಡಿ, ಎರಡರಲ್ಲೂ ರೋಗ ಕಂಡರೆ ಕುದುರೆಯನ್ನು ಕೊಂದು ಹೂಳಬೇಕು ಎಂಬುದು ಕಾನೂನು.

ಹೀಗೆ ನಾವು ಲಿಂಗಂಪಲ್ಲಿಯ ಆಚೆ ಒಂದು ಲಾಯಕ್ಕೆ ಹೋದೆವು. ಸುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಸಾಫ್ಟ್‌ವೇರ್ ಹುಡುಗರ ಮದುವೆ ಅಂದರೆ ಫಂಕ್ಷನ್ ಹಾಲಿನ ಮುಂದೆ ಬಿಳಿ ಕುದುರೆ ಬೇಕೇ ಬೇಕು ಅನ್ನುವ ಕಾಲ. ಲಾಯದ ಮಾಲೀಕ ಲಿಂಗಸುಗೂರು ಕಡೆಯವನು, ನನಗಿಂತ ಹತ್ತು ವರ್ಷ ದೊಡ್ಡವನು. ಅವನ ಹತ್ತಿರ ಎರಡು ಬಿಳಿ ಹೆಣ್ಣು ಕುದುರೆಗಳಿದ್ದವು. ಒಂದಕ್ಕೆ ಏಳನೇ ನಂಬರ್, ಇನ್ನೊಂದಕ್ಕೆ ಎಂಟನೇ ನಂಬರ್ ಕೊಟ್ಟೆ. ನಾನು ರಾಯಚೂರು ಕಡೆಯವನೆಂದು ಗೊತ್ತಾದ ಕೂಡಲೇ ಅವನ ಹೆಂಡತಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟಳು. ತಿನ್ನುತ್ತಾ, ನಾನು ದೊಡ್ಡವನಾದ ಮೇಲೆ ಶಾಲೆ ಕಲಿತದ್ದನ್ನು ಅವರಿಗೆ ಹೇಳಿದೆ.

ಎಂಟನೇ ನಂಬರಿನದು ಭಾರಿ ತುಂಟ ಕುದುರೆ. ತುಟಿಗೆ ಕುಣಿಕೆ ಹಾಕಿದ್ದೇ ತಡ, ಮುಂಗಾಲು ಎತ್ತಿ ನನ್ನ ಎದೆಗೆ ಬೀಸಿತು. ಗೊರಸು ಅಂಗಿ ಹರಿದು ಚರ್ಮ ಕಿತ್ತಿತು. ನಾನು ಬಿಡಲಿಲ್ಲ. ಕೋಲನ್ನು ಇನ್ನೆರಡು ಸುತ್ತು ತಿರುಚಿದೆ. ಅದರ ತುಟಿ ಹರಿದು ನನ್ನ ಮುಂಗೈ ಮೇಲೆ ರಕ್ತ ಇಳಿಯಿತು. ಡಾಕ್ಟರ್ ಕುತ್ತಿಗೆಗೆ ಸೂಜಿ ಹಾಕಿ ನಳಿಕೆ ತುಂಬಿಸಿಕೊಂಡು ದೂರ ಸರಿದರು.

ಆಮೇಲೆ ನಾನು ಫಾರಂ ತುಂಬಲು ಕೂತೆ. ಫಾರಮ್ಮಿನಲ್ಲಿ ಕುದುರೆಯ ಮುಖ ಮತ್ತು ಎರಡೂ ಮಗ್ಗಲಿನ ಚಿತ್ರ ಅಚ್ಚಾಗಿರುತ್ತದೆ. ಮಚ್ಚೆ, ಬಿಳಿ ಪಟ್ಟಿ, ಸುಳಿ ಎಲ್ಲೆಲ್ಲಿವೆ ಎಂದು ಅದರ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಬೇಕು. ಮೈಯೆಲ್ಲ ಬಿಳಿ ಇರುವ ಕುದುರೆಗೆ ಸುಳಿ ಬಿಟ್ಟರೆ ಬೇರೆ ಗುರುತೇ ಇಲ್ಲ. ಎಂಟನೇ ನಂಬರಿನ ಎಡಗಣ್ಣಿನ ಕೆಳಗೆ ಒಂದು ಸುಳಿ ಇತ್ತು. ಕಣ್ಣೀರಿನ ಸುಳಿ ಅನ್ನುತ್ತಾರೆ. ಮನೆಗೆ ಅಳು ತರುತ್ತದಂತೆ. ಮಾಲೀಕ ಅಲ್ಲಿನ ಕೂದಲು ಕತ್ತರಿಸಿ, ಮುಖಕ್ಕೆ ಮಣಿಪಟ್ಟಿ ಕಟ್ಟಿ ಅದನ್ನು ಮುಚ್ಚಿದ್ದ. ನಾನು ಪಟ್ಟಿ ಸರಿಸಿದಾಗ ಅವನ ಮುಖ ಸಣ್ಣದಾಯಿತು.

"ತಮ್ಮಾ, ಅದೊಂದು ಬರೀಬ್ಯಾಡಪಾ," ಅಂದ. "ನಿಮ್ಮ ಕಾಗದ ಎಲ್ಲೆಲ್ಲಿ ಅಡ್ಡಾಡತೈತೋ ಯಾರಿಗೆ ಗೊತ್ತು. ನಾಕು ಮಂದಿ ಕುದುರಿಯವರು ನೋಡಿದ್ರ ಮುಗೀತು, ಇದರ ಮ್ಯಾಲೆ ಒಬ್ಬ ಮದುಮಗನೂ ಕುಂದ್ರಂಗಿಲ್ಲ."

"ಇಂಗ್ಲಿಷ್‌ನಾಗ ಐತಿ ಅಣ್ಣಾ. ಅವರಿಗೆಲ್ಲ ಓದಾಕ ಬರತೈತೇನು?"

"ಚಿತ್ರ ಐತಲ್ಲೋ. ಕುದುರಿ ಮಾರಿ ಮ್ಯಾಲೆ ಕೆಂಪು ಗುರುತು ನೋಡಾಕ ಸಾಲಿ ಯಾಕ ಬೇಕು? ನಿನ್ನಂಗ ಮೀಸಿ ಬಂದ ಮ್ಯಾಲೆ ಸಾಲಿಗೆ ಹೋಗಬೇಕೇನು?"

ನನಗೂ ನಗು ಬಂತು. ಎತ್ತು ಕೊಳ್ಳುವಾಗ ನಮ್ಮಪ್ಪ ಹಲ್ಲು ನೋಡುವ ಮೊದಲು ಸುಳಿ ನೋಡುತ್ತಿದ್ದ. ಹಾಗಾಗಿ ಅವನ ಭಯ ನನಗೆ ಹೊಸದಲ್ಲ. ಎರಡೂ ಫಾರಮ್ಮಿನಲ್ಲಿ 'ಬಿಳಿ, ಹೆಣ್ಣು, ಗುರುತಿಲ್ಲ' ಎಂದು ಬರೆದೆ.

ಹತ್ತು ದಿನಕ್ಕೆ ಫಲಿತಾಂಶ ಬಂತು. ಏಳು ಸರಿ ಇದೆ. ಎಂಟರಲ್ಲಿ ರೋಗ ಇದೆ. ಅದನ್ನು ಬೇರೆ ಕಟ್ಟಲು ಹೇಳಿ ಕಳಿಸಿದೆವು, ಎರಡು ದಿನ ಬಿಟ್ಟು ಎರಡನೇ ಸಲ ರಕ್ತ ತೆಗೆಯಲು ಹೋದೆವು. ಲಾಯದಲ್ಲಿ ಒಂದೇ ಕುದುರೆ ಇತ್ತು. ಇನ್ನೊಂದು ಕೂಕಟ್‌ಪಲ್ಲಿಗೆ ಮದುವೆಗೆ ಹೋಗಿದೆ ಅಂದ ಮಾಲೀಕ.

ನಾನು ತುಟಿಗೆ ಕುಣಿಕೆ ಹಾಕಿದೆ. ಅದರ ಮುಖ ನನ್ನ ಮುಖದಿಂದ ಒಂದು ಮೊಳ ದೂರ. ಎಡಗಣ್ಣಿನ ಕೆಳಗೆ ಸುಳಿ ಇರಲಿಲ್ಲ. ಅದು ಏಳನೇ ನಂಬರ್. ರೋಗದ ಕುದುರೆಯನ್ನು ಅಡಗಿಸಿ ಚೆನ್ನಾಗಿರುವುದನ್ನು ನಿಲ್ಲಿಸಿದ್ದ. ಅವನು ನನ್ನನ್ನೇ ನೋಡುತ್ತಿದ್ದ. ಡಾಕ್ಟರ್ ಫಾರಂ ನೋಡಿ, ಎಂಟನೇ ನಂಬರ್ ಇದೇ ತಾನೇ ಎಂದು ತೆಲುಗಿನಲ್ಲಿ ಕೇಳಿದರು. ನಾನು ಹೌದು ಅಂದೆ.

ಯಾಕೆ ಅಂದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅವನ ಮನೆಯ ರೊಟ್ಟಿ ತಿಂದಿದ್ದೆ. ಮೊದಲ ಪರೀಕ್ಷೆಯೇ ತಪ್ಪಿರಬಹುದು ಎಂದೂ ಅಂದುಕೊಂಡೆ. ಆದರೆ ನಿಜ ಏನೆಂದರೆ, ಅದು ಎಂಟಲ್ಲ ಅಂದರೆ ನಿನಗೆ ಹೇಗೆ ಗೊತ್ತು ಎಂದು ಡಾಕ್ಟರ್ ಕೇಳುತ್ತಿದ್ದರು. ಆಗ ನಾನು ಸುಳಿ ಬಿಟ್ಟು ಬರೆದದ್ದು ಹೊರಬೀಳುತ್ತಿತ್ತು. ನನ್ನ ಮೇಲೇ ಬಂದ ಸಿಟ್ಟನ್ನೆಲ್ಲ ಕೈಯಲ್ಲಿದ್ದ ಕೋಲಿನ ಮೇಲೆ ಹಾಕಿದೆ. ಏನೂ ಮಾಡದೆ ನಿಂತಿದ್ದ ಆ ಪ್ರಾಣಿಯ ತುಟಿಯನ್ನು ಬೇಕಿಲ್ಲದಷ್ಟು ತಿರುಚಿದೆ. ಅದು ನೋವಿಗೆ ಮುಂಗಾಲು ಮಡಚಿ ಮಣ್ಣಿಗೆ ಕುಸಿಯಿತು.

ರಕ್ತ ಶುದ್ಧ ಎಂದು ವರದಿ ಬಂತು. ಮಾಲೀಕ ಎರಡನ್ನೂ ಮತ್ತೆ ಒಂದೇ ಗೋದಲಿಗೆ ಕಟ್ಟಿದ.

ಮೂರು ವಾರದ ನಂತರ ಅವನು ನಮ್ಮ ಗೇಟಿನ ಹತ್ತಿರ ಬಂದು ನಿಂತಿದ್ದ. ಒಳಗೆ ಬರಲಿಲ್ಲ. ಎಂಟನೇ ನಂಬರಿನ ಹಿಂಗಾಲಿನ ಗಂಟುಗಳು ಒಡೆದಿವೆ, ಮೆರವಣಿಗೆಯಲ್ಲಿ ಬ್ಯಾಂಡ್ ಬಾರಿಸುವವನೊಬ್ಬನ ದವಡೆಗೆ ಒದ್ದು ಮುರಿದಿದೆ, ಜನ ಅದನ್ನು ಕೊಡೆಯ ಹಿಡಿಕೆಯಿಂದ ಬಡಿದು ಓಡಿಸಿದ್ದಾರೆ ಎಂದ. ಯಾರಿಗೂ ಗೊತ್ತಾಗದಂತೆ ಔಷಧಿ ಕೊಡಿಸು ಅಂದ. ಆಮೇಲೆ ನೆಲ ನೋಡುತ್ತಾ, "ಇನ್ನೊಂದರ ಮೂಗಿನಾಗೂ ಶುರುವಾಗೈತಿ," ಅಂದ.

ನಾನು ನೇರವಾಗಿ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಕೇಳಿಯಾದ ಮೇಲೆ ಫಾರಮ್ಮಿನ ರಟ್ಟಿನ ಪ್ಯಾಡನ್ನು ಎತ್ತಿ ನನ್ನ ಮುಖಕ್ಕೆ ಎಸೆದರು. ಅದರ ಕ್ಲಿಪ್ಪು ಕಿವಿ ಸೀಳಿತು. ಪ್ಯಾಡ್ ಎತ್ತಿಕೊಂಡು ಮೇಜಿನ ಮೇಲಿಟ್ಟೆ. ಕೆಂಪು ಪೆನ್ನು ಮುಂದೆ ತಳ್ಳಿ, ಆ ಸುಳಿಯ ಗುರುತು ಈಗ ಹಾಕು ಅಂದರು. ಹಾಕಿದೆ.

ಎರಡೂ ಕುದುರೆಗಳ ರಕ್ತ ಮತ್ತೆ ಎರಡೆರಡು ಸಲ ಪರೀಕ್ಷೆಯಾಯಿತು. ಎರಡರಲ್ಲೂ ರೋಗ. ಕೊಲ್ಲಲು ಆದೇಶ ಬಂತು.

ಆ ದಿನ ಬೆಳಿಗ್ಗೆ ಪಕ್ಕದ ಕಟ್ಟಡದ ಜೆಸಿಬಿ ತಂದು ಲಾಯದ ಹಿಂದೆ ಗುಂಡಿ ತೋಡಿಸಿದರು. ಸುಣ್ಣದ ಚೀಲ ಬಂದವು, ಇಬ್ಬರು ಪೊಲೀಸರು ಬಂದರು. ಕಟ್ಟಡದ ಕೂಲಿಯವರು, ಅರ್ಧ ಮಂದಿ ನಮ್ಮ ಕಡೆಯವರೇ, ಸಾರವೆ ಮೇಲೆ ನಿಂತು ನೋಡುತ್ತಿದ್ದರು. ಮಾಲೀಕನ ಹೆಂಡತಿ ನಮ್ಮ ಮೇಲೆ ಜಲ್ಲಿಕಲ್ಲು ತೂರಿದಳು. ಒಂದು ಕಲ್ಲು ಜೀಪಿನ ಗಾಜು ಒಡೆಯಿತು. ಮಾಲೀಕನ ತಮ್ಮ ಸೀದಾ ನನ್ನ ಹತ್ತಿರ ಬಂದು, ನನ್ನ ಕೈಯ ಕೋಲನ್ನೇ ಕಸಿದುಕೊಂಡು ಬಾಯಿಗೆ ಹೊಡೆದ. ಎರಡು ಹಲ್ಲು ನಾಲಿಗೆಯ ಮೇಲೆ ಬಿದ್ದವು. ಪೊಲೀಸರು ಅವನನ್ನು ಕೆಡವಿ ಮೊಣಕಾಲು, ಬೆನ್ನು ನೋಡದೆ ಲಾಠಿಯಲ್ಲಿ ಬಡಿದರು. ಬಿಡ್ರಿ ಸಾಬ್ ಅಂದೆ. ಬಾಯಿಯಿಂದ ಮಾತಿಗಿಂತ ರಕ್ತ ಹೆಚ್ಚು ಬಂತು. ಅವನು ಏಳಲಾರದಷ್ಟಾದ ಮೇಲೆ ಬಿಟ್ಟರು.

ಎಂಟನೇ ನಂಬರ್ ಮೊದಲು ಹೋಯಿತು. ಅದಕ್ಕೆ ಒದೆಯುವ ಶಕ್ತಿ ಉಳಿದಿರಲಿಲ್ಲ. ಕಷ್ಟವಾದದ್ದು ಏಳನೇ ನಂಬರಿನದು. ಅದಕ್ಕೆ ರೋಗ ಹತ್ತಿ ಇನ್ನೂ ಸ್ವಲ್ಪವೇ ದಿನ, ಮೈಯಲ್ಲಿ ಪೂರ್ತಿ ಕಸುವಿತ್ತು. ಬಿದ್ದಿದ್ದ ಜೊತೆಯದನ್ನು ನೋಡಿ ಹಿಂಗಾಲ ಮೇಲೆ ಎದ್ದು ನಿಂತಿತು. ಮಂಪರು ಬರಿಸಲು ಚುಚ್ಚಿದ ಸೂಜಿ ಕುತ್ತಿಗೆಯಲ್ಲೇ ಮುರಿಯಿತು. ಡಾಕ್ಟರ್ ಎರಡನೇ ಸೂಜಿ ಹಿಡಿದು ಹೋದಾಗ ಅದು ತಿರುಗಿ ಒದೆಯಿತು. ಅವರು ಗೋಡೆಗೆ ಬಡಿದು ಜಾರಿದರು, ಬಲಗೈ ಮೊಣಕೈಯ ಕೆಳಗೆ ಮುರಿದು ಜೋತಿತು. ನಾನು ಹಗ್ಗ ಹಿಡಿದೆ. ಅದು ಜಲ್ಲಿಯ ಮೇಲೆ ಹೊಟ್ಟೆ ಉಜ್ಜುವಂತೆ ಗುಂಡಿಯ ಅಂಚಿನವರೆಗೆ ನನ್ನನ್ನು ಎಳೆದುಕೊಂಡು ಹೋಯಿತು.

ಆಗ ಮಾಲೀಕ ಬಂದ. ಅಲ್ಲಿಯವರೆಗೂ ಬಾಗಿಲಲ್ಲಿ ಕೂತಿದ್ದವನು. ಹಗ್ಗವನ್ನು ನನ್ನ ಕೈಯಿಂದ ಬಿಡಿಸಿಕೊಂಡು, ಕುದುರೆಯ ತಲೆಯನ್ನು ತನ್ನ ಹೆಗಲಿಗೆ ಒತ್ತಿ ಹಿಡಿದ. ಅದು ಒಮ್ಮೆ ಅವನ ಹೆಗಲು ಕಚ್ಚಿತು. ಅಂಗಿ ಕೆಂಪಾಯಿತು. ಅವನು ಕದಲಲಿಲ್ಲ. ಡಾಕ್ಟರ್ ಎಡಗೈಯಲ್ಲೇ ಸೂಜಿ ಹಾಕಿದರು. ಕುದುರೆ ಅವನ ಮೇಲೆಯೇ ಭಾರ ಹಾಕಿ ಕುಸಿಯಿತು. ಅವನನ್ನು ಅದರಡಿಯಿಂದ ನಾನೇ ಎಳೆದೆ.

ಜೆಸಿಬಿ ಎರಡನ್ನೂ ಗುಂಡಿಗೆ ನೂಕಿತು. ಸುಣ್ಣ ಸುರಿಯುವಾಗ ಅವನು ನನ್ನ ಪಕ್ಕದಲ್ಲಿ ನಿಂತಿದ್ದ.

"ನೀ ಸುಳಿ ಬರೆದಿದ್ರ ಒಂದ ಹೋಗತಿತ್ತು ತಮ್ಮಾ," ಅಂದ.

ನಾನು ಬಾಯಿಯ ರಕ್ತ ಉಗುಳಿ, "ನೀನ ಬ್ಯಾಡ ಅಂದಿದ್ದಿಯಲ್ಲ ಅಣ್ಣಾ," ಅಂದೆ.

"ಅಂದಿದ್ದೆ. ಕುದುರಿ ನಂದು, ನಾ ಅನ್ನಾವನ. ನೀ ಕೇಳಬಾರದಿತ್ತು."

ಡಾಕ್ಟರ್ ನಾನು ಹೇಳಿದ ಸುಳ್ಳನ್ನೂ ಸೇರಿಸಿ ವರದಿ ಬರೆದರು. ಬರೆಯಲೇಬೇಕಿತ್ತು. ನನ್ನನ್ನು ಗಾಜಿನ ನಳಿಕೆ ತೊಳೆಯುವ ಕೋಣೆಗೆ ಹಾಕಿದರು. ಕುದುರೆಯ ಹತ್ತಿರ ಮತ್ತೆ ಕಳಿಸಲಿಲ್ಲ. ಲಾಯದ ಕಡೆಗೆ ನಾನೂ ಹೋಗಲಿಲ್ಲ.

ಯಾರಾದರೂ ಕೈಮುಗಿದು ಕೇಳಿದರೆಂದು ಕಾಗದದಲ್ಲಿ ಒಂದು ಗುರುತು, ಒಂದು ಮಾತು ಬಿಟ್ಟು ಬರೆದವರು ನಿಮ್ಮಲ್ಲೂ ಇರಬಹುದು. ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ. ಅದರಿಂದ ಮುಂದೆ ಏನಾಯಿತು, ಆ ಮನುಷ್ಯನ ಮುಂದೆ ನೀವು ಹೇಗೆ ನಿಂತಿರಿ ಎಂದು ಬರೆದು ತಿಳಿಸಿ. ಉದ್ದವಾದರೂ ಪರವಾಗಿಲ್ಲ. ನಾನು ಟೈಪ್ ಮಾಡುವುದು ನಿಧಾನ, ಆದರೆ ಒಂದನ್ನೂ ಬಿಡದೆ ಓದುತ್ತೇನೆ.