ಫೋರ್‌ಮನ್ನರ ಥಾಯ್ ತಂಡ

ನಿಷ್ಠೆ ಮನುಷ್ಯನ ಅತ್ಯುನ್ನತ ಗುಣ. ನಮ್ಮ ಫೋರ್‌ಮನ್ನರಲ್ಲಿ ಅದು ಹೊಕ್ಕುಳಿನಿಂದ ಎರಡು ಬೆರಳು ಮೇಲಕ್ಕೇ ನಿಂತುಬಿಡುತ್ತಿತ್ತು. ಕೆಲಸ ಬಿಟ್ಟು ಊರಿಗೆ ಮರಳಿದ ಥಾಯ್ ವೆಲ್ಡರೊಬ್ಬ ಪ್ರೀತಿಯಿಂದ ಕೊಟ್ಟುಹೋದ, ತನ್ನೂರಿನ ಫುಟ್‌ಬಾಲ್ ತಂಡದ ಜರ್ಸಿ ಅವರ ಹೊಟ್ಟೆಗೆ ಅಷ್ಟೇ ಎಟಕುತ್ತಿದ್ದದ್ದು.

ಗಲ್ಫಿನ ಮುಸಫ್ಫಾದಲ್ಲಿ, ಕಾರ್ಮಿಕರ ಕ್ಯಾಂಪಿನ ನಮ್ಮ ಕೋಣೆಯಲ್ಲಿ ಉಳಿದವರೆಲ್ಲ ಯುರೋಪಿನ ತಂಡಗಳ ಭಕ್ತರು. ಆ ಆಟ ಮುಗಿಯುವಾಗ ನಡುರಾತ್ರಿ, ಕಂಪನಿ ಬಸ್ಸು ಬರುವುದು ನಸುಕಿಗೆ. ಥಾಯ್ ಲೀಗು ಹಾಗಲ್ಲ. ರಜೆಯ ದಿನ ಊಟ ಮುಗಿಸಿ ಮೊಬೈಲು ಹಿಡಿದು ಕೂತರೆ ಸಂಜೆಯ ಚಹಾದ ಹೊತ್ತಿಗೆ ತಂಡ ಸೋತು ಮುಗಿದಿರುತ್ತಿತ್ತು. "ಮರ್ಯಾದಸ್ಥರ ಲೀಗು ಮಾರಾಯ, ಯಾರ ನಿದ್ದೆಯನ್ನೂ ಹಾಳು ಮಾಡುವುದಿಲ್ಲ" ಎನ್ನುತ್ತಿದ್ದರು ಫೋರ್‌ಮನ್ನರು.

ಅವರು ಜರ್ಸಿ ತೊಟ್ಟ ವರ್ಷ ತಂಡ ಮೂರನೆಯ ಸ್ಥಾನಕ್ಕೆ ಬಂತು. ಆ ಹುಮ್ಮಸ್ಸಿನಲ್ಲಿ ಮಂಗಳೂರು ಕಡೆಯ ಬ್ಯಾರಿಯಾದ ನಮ್ಮ ಈ ಹಿರಿಯ ಫೋರ್‌ಮನ್ನರು ಕೋಣೆಯ ನಡುವೆ ನಿಂತು ಘೋಷಿಸಿದರು: "ಇವರು ಕಪ್ ಎತ್ತಿದ ದಿನ ಇಲ್ಲಿ ಖಲಾಸ್. ನಾನು ಊರಿಗೆ." ಅದನ್ನೇ ಹೆಂಡತಿಗೂ ಫೋನಿನಲ್ಲಿ ಹೇಳಿದರು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ.

ಮರುವರ್ಷ ತಂಡ ಒಂಬತ್ತನೆಯದು. ಅದರಾಚೆಯ ವರ್ಷ ಹನ್ನೆರಡು. ದಯೆ ದಾಕ್ಷಿಣ್ಯಕ್ಕೆಲ್ಲ ನಮ್ಮ ಕೋಣೆಯಲ್ಲಿ ಜಾಗ ಸಾಲುತ್ತಿರಲಿಲ್ಲ. ಧಾರವಾಡದ ಎಲೆಕ್ಟ್ರಿಷಿಯನ್ ಪ್ರತಿ ಸೋಲಿನ ನಂತರ ವಿಚಾರಿಸುತ್ತಿದ್ದ: "ಕಾಕಾ, ಟಿಕೆಟ್ ಬುಕ್ ಮಾಡ್ಲೇನ್ರಿ?"

ನಗದೆ ಇದ್ದವರು ಒಬ್ಬರೇ, ಊರಿನಲ್ಲಿದ್ದ ಹೆಂಡತಿ. ಫುಟ್‌ಬಾಲಿನ ಗಂಧಗಾಳಿ ಇಲ್ಲದ ಆಕೆಗೆ ಥಾಯ್ ಲೀಗಿನ ಅಂಕಪಟ್ಟಿ ಬಾಯಿಪಾಠವಾಗಿತ್ತು. "ಕೋಚನ್ನು ಬದಲಿಸಿದರಂತಾ?" ಎಂದು ಆಕೆ ಕೇಳಿದ್ದು ಸ್ಪೀಕರಿನಲ್ಲಿ ಇಡೀ ಕೋಣೆಗೆ ಕೇಳಿಸಿತ್ತು. ಅದಕ್ಕೂ ನಾವು ನಕ್ಕೆವು.

ನಾಲ್ಕನೆಯ ಸೀಸನ್ನಿನಲ್ಲಿ ತಂಡ ತಳ ಕಂಡಿತು. ಫೋರ್‌ಮನ್ನರು ಎದೆನೋವಿನಿಂದ ಆಸ್ಪತ್ರೆ ಸೇರಿದರು. ನೋಡಲು ಹೋದ ಎಲೆಕ್ಟ್ರಿಷಿಯನ್, ಬದುಕಿನಲ್ಲಿ ಮೊದಲ ಸಲ ಕರುಣೆಗೆ ಬಿದ್ದು, ಹಾಸಿಗೆಯ ಪಕ್ಕ ಬಗ್ಗಿ ಸುಳ್ಳು ಹೇಳಿದ: "ಗೆದ್ದೀವ್ರಿ ಕಾಕಾ! ಆ ಬ್ರೆಜಿಲ್ಲಿನಾಂವ ಎರಡ ಗೋಲ್ ಹೊಡದಾನ."

ಅವರು ಕಣ್ಣು ತೆರೆಯಲಿಲ್ಲ. "ಅವನನ್ನು ಮಾರಿ ತಿಂಗಳಾಯ್ತು, ಬೇವರ್ಸಿ. ಎಷ್ಟರಲ್ಲಿ ಸೋತದ್ದು, ಅದು ಹೇಳು."

"ನಾಕು-ಸೊನ್ನಿ ರೀ."

"ಮನೆಗೆ ಹೇಳಬೇಡ. ಅವಳು ಇನ್ನೂ ಲೆಕ್ಕ ಹಾಕ್ತಾ ಇದ್ದಾಳೆ."

ಮಂಗಳವಾರ ಅವರು ತೀರಿಕೊಂಡರು. ಶುಕ್ರವಾರ ಪೆಟ್ಟಿಗೆ ಮಂಗಳೂರಿಗೆ ಹೋಯಿತು. ಶನಿವಾರ ತಂಡ ಎರಡನೇ ಡಿವಿಷನ್ನಿಗೆ ಇಳಿಯಿತು.